ಹೂಬುಟ್ಟಿಯ ತಳದಲ್ಲಿದ್ದ ಸೀಸೆ

"ಇಲ್ಲ ಸಾರ್, ನಮ್ಮನೇಲಿ ಅಂಥೋರು ಯಾರೂ ಇಲ್ಲ."

ಚಾಮು ಒಂದೇ ಉಸಿರಿಗೆ ಹೇಳಿಬಿಟ್ಟಳು. ಹದಿಮೂರರ ಮಗ್ಗಿ ಒಪ್ಪಿಸುವಾಗ ನಾಲ್ಕು ಸಲ ತಡವರಿಸುವ ಹುಡುಗಿ, ಈ ಮಾತಿನಲ್ಲಿ ಮಾತ್ರ ಒಂದಿಷ್ಟೂ ತಡವರಿಸಲಿಲ್ಲ.

ಬಾಗಿಲ ಮುಂದೆ ನಿಂತಿದ್ದವರು ಚಾಮಯ್ಯ. ಯಾವುದೋ ಸರ್ಕಾರಿ ಆಫೀಸಿನ ಗುಮಾಸ್ತರು. ಸೈಕಲ್ಲನ್ನು ಜಗಲಿಗೆ ಒರಗಿಸಿ, ದೊಡ್ಡ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಅಗ್ರಹಾರದ ಈ ಓಣಿಯಲ್ಲಿ ಬೆಳಗಿನಿಂದ ಬಾಗಿಲು ತಟ್ಟಿ ತಟ್ಟಿ ಅವರ ಮುಖ ಸಪ್ಪಗಾಗಿತ್ತು.

"ಸರಿಯಾಗಿ ಕೇಳಿಸ್ಕೊ ಮಗು. ಮೂರ್ಛೆ ರೋಗ. ಇದ್ದಕ್ಕಿದ್ದಂಗೆ ಬಿದ್ದು ಕೈಕಾಲು ಸೆಟೆದುಕೊಳ್ಳುತ್ತಲ್ಲ, ಅದು. ಮಂಡಿ ಮೊಹಲ್ಲಾದ ಧರ್ಮಾಸ್ಪತ್ರೆಯಿಂದ ಅದಕ್ಕೆ ಮಾತ್ರೆ ತರೋರು ಈ ಕಡೆ ಇದಾರೆ ಅಂತ ಅಲ್ಲಿನ ಕಾಂಪೌಂಡರ್ ಹೇಳಿದ್ರು. ನಿಮ್ಮನೇಲಿ ಯಾರಾದ್ರೂ..."

"ಯಾರೂ ಇಲ್ಲ ಸಾರ್."

"ದೊಡ್ಡೋರು ಇಲ್ವಾ ಮನೇಲಿ?"

"ಅಮ್ಮ ನೀರಿಗೆ ಹೋಗವ್ರೆ. ಅಪ್ಪ ಸೌದೆ ಡಿಪೋಗೆ."

ಎದುರು ಮನೆಯ ವಸಂತಮ್ಮ ತಮ್ಮ ಜಗಲಿಯಿಂದಲೇ ಕೂಗಿದರು. "ಆ ಮಗೂನ ಯಾಕ್ರೀ ಗೋಳು ಹುಯ್ಕೋತೀರ? ಆಗ್ಲೇ ನಾನು ಹೇಳ್ಲಿಲ್ವಾ? ಮರ್ಯಾದಸ್ತರು ಇರೋ ಬೀದಿ ಇದು. ಅಂಥ ರೋಗಗೀಗ ಇಲ್ಲಿ ಯಾರಿಗೂ ಇಲ್ಲ ಕಣ್ರೀ!"

ಚಾಮಯ್ಯ ರಿಜಿಸ್ಟರು ಬಿಚ್ಚಿ ಪೆನ್ಸಿಲಿನಲ್ಲಿ ಏನೋ ಬರೆದರು. ಚಾಮು ತುದಿಗಾಲಲ್ಲಿ ನಿಂತು ಇಣುಕಿದಳು. ಪುಟದ ಮೇಲಿಂದ ಕೆಳಗಿನವರೆಗೆ ಒಂದೇ ಮಾತು. ಇಲ್ಲ, ಇಲ್ಲ, ಇಲ್ಲ. ಚಾಮುವಿನ 'ಇಲ್ಲ' ಎಲ್ಲಕ್ಕಿಂತ ಕೊನೆಯದು.

ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೆ ಚಾಮು ಒಳಗೆ ಓಡಿದಳು. ಬಾಗಿಲ ಹಿಂದೆ ಗೋಡೆಗೆ ಒರಗಿ ಪ್ರೇಮಕ್ಕ ಕೂತಿದ್ದಳು. ಮಡಿಲಲ್ಲಿ ಅಕ್ಕಿಯ ಮೊರ. ಅಷ್ಟು ಹೊತ್ತೂ ಉಸಿರು ಬಿಗಿಹಿಡಿದಿದ್ದಳೋ ಏನೋ, ಈಗ ಉದ್ದಕ್ಕೆ ಬಿಟ್ಟಳು.

"ಹೆಂಗೆ ಹೇಳ್ದೆ ಅಕ್ಕ?" ಚಾಮು ಬೀಗಿದಳು.

"ಚೆನ್ನಾಗಿ ಹೇಳ್ದೆ ಬುಡು," ಎಂದು ಪ್ರೇಮಕ್ಕ ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.

ನೀರು ಹೊತ್ತು ಬಂದ ಅಮ್ಮ ಮಾದೇವಮ್ಮನಿಗೆ ಸುದ್ದಿ ತಿಳಿದಾಗ, ಅವರು ಕೊಡ ಇಳಿಸಿ, ಡಬ್ಬಿಯಿಂದ ಒಂದು ಅಚ್ಚುಬೆಲ್ಲ ತೆಗೆದು ಚಾಮುವಿನ ಕೈಗೆ ಇಟ್ಟರು. "ನನ್ನ ಮಗಳು ಜಾಣೆ," ಎಂದರು. ಚಾಮು ಆ ಬೆಲ್ಲವನ್ನು ನೆಕ್ಕಿ ನೆಕ್ಕಿ ಸ್ಕೂಲು ತಲುಪುವವರೆಗೂ ಉಳಿಸಿಕೊಂಡಳು.

ಇಂಥ ಜಾಣತನವನ್ನು ಅಮ್ಮ ಮೂರು ವರ್ಷದಿಂದ ಕಲಿಸಿದ್ದರು. ಅಕ್ಕ ಯಾಕೆ ಮದುವೆಮನೆಗೆ ಬರಲಿಲ್ಲ? ಜ್ವರ. ಅಕ್ಕನ ಹಣೆ ಮೇಲೆ ಏನದು ಗಾಯ? ಹೊಸ್ತಿಲು ಎಡವಿದಳು. ಅಕ್ಕ ಯಾಕೆ ಸ್ಕೂಲು ಬಿಟ್ಟಳು? ಮನೇಲಿ ಕೆಲಸ ಜಾಸ್ತಿ. ಪರೀಕ್ಷೆಗೆ ಓದಿಸುವ ಹಾಗೆ ಓದಿಸಿದ್ದರು ಅಮ್ಮ. ಪ್ರೇಮಕ್ಕನಿಗೆ ಹದಿನೇಳು ವರ್ಷ. ಸುದ್ದಿ ಒಬ್ಬರ ಕಿವಿಗೆ ಬಿದ್ದರೂ ಗಂಡು ಸಿಗುವುದಿಲ್ಲ ಎಂಬುದು ಅಮ್ಮನ ಭಯ. ಚಾಮುವಿಗೂ ಯಾರೂ ಸಿಗುವುದಿಲ್ಲ ಎಂಬುದು ಆ ಭಯದ ಬಾಲ.

ಧರ್ಮಾಸ್ಪತ್ರೆಗೆ ಹೋಗುವುದು ಶುಕ್ರವಾರ ಬೆಳಿಗ್ಗೆ. ಅಲ್ಲಿ ಎರಡು ವಾರಕ್ಕೊಮ್ಮೆ ಪುಕ್ಕಟೆ ಮಾತ್ರೆ ಮತ್ತು ಒಂದು ಸೀಸೆ ಮಿಕ್ಸ್ಚರು ಕೊಡುತ್ತಿದ್ದರು. ಸೀಸೆ ಮನೆಯಿಂದಲೇ ಒಯ್ಯಬೇಕು. ಅಮ್ಮ ಅದನ್ನು ತೊಳೆದು, ಹೂಬುಟ್ಟಿಯ ತಳದಲ್ಲಿ ಮಲಗಿಸಿ, ಮೇಲೆ ಬಾಳೆಲೆ ಹಾಸಿ, ಅದರ ಮೇಲೆ ಹಣ್ಣುಕಾಯಿ, ಹೂವು, ಊದುಬತ್ತಿ ಜೋಡಿಸುತ್ತಿದ್ದರು. ನೋಡಿದವರು ದೇವಸ್ಥಾನಕ್ಕೆ ಹೊರಟವರು ಎಂದುಕೊಳ್ಳಬೇಕು. ದೇವಸ್ಥಾನದ ತಿರುವಿನವರೆಗೂ ನೆಟ್ಟಗೆ ಹೋಗಿ, ಆಮೇಲೆ ಯಾರೂ ಇಲ್ಲದ್ದು ನೋಡಿ ಮಂಡಿ ಮೊಹಲ್ಲಾದ ಕಡೆ ತಿರುಗುವುದು.

ಅಗ್ರಹಾರಕ್ಕೆ ಹತ್ತಿರವೇ ದೊಡ್ಡಾಸ್ಪತ್ರೆ ಇತ್ತು. ಆದರೆ ಅಲ್ಲಿ ಗುರುತಿನವರು ಸಿಗುತ್ತಾರೆ.

ಧರ್ಮಾಸ್ಪತ್ರೆಯ ರಿಜಿಸ್ಟರಿನಲ್ಲಿ ಪ್ರೇಮಕ್ಕನ ಹೆಸರು ಪ್ರೇಮಲೀಲಾ ಅಲ್ಲ. ಮೊದಲ ದಿನ ಕಾಂಪೌಂಡರ್ ಹೆಸರು ಕೇಳಿದಾಗ ಅಮ್ಮ ಥಟ್ಟನೆ, "ಲಕ್ಷ್ಮಮ್ಮ, ನಜರ್‌ಬಾದ್," ಎಂದುಬಿಟ್ಟಿದ್ದರು. ಚಾಮುವಿಗೆ ಅದೊಂದು ದೊಡ್ಡ ತಮಾಷೆ. ಆ ದಿನ ಪೂರ್ತಿ, "ಲಕ್ಷ್ಮಮ್ಮನೋರೇ, ಕಾಫಿ ಆಯ್ತಾ? ನಜರ್‌ಬಾದಲ್ಲಿ ಮಳೆಬೆಳೆ ಹೆಂಗೆ?" ಎಂದು ಅಕ್ಕನನ್ನು ಕಾಡಿಸಿದ್ದಳು.

ಆದರೂ ಆ ಮಾತ್ರೆ ಸುಳ್ಳಾಗಲಿಲ್ಲ. ಎಂಟು ತಿಂಗಳಿಂದ ಪ್ರೇಮಕ್ಕನಿಗೆ ಒಂದು ಸಲವೂ ಮೂರ್ಛೆ ಬಂದಿರಲಿಲ್ಲ. ಅವಳು ಬಾವಿಯಿಂದ ಒಬ್ಬಳೇ ನೀರು ಸೇದುತ್ತಿದ್ದಳು. ಟೈಲರಿಂಗ್ ಕ್ಲಾಸಿಗೆ ಸೇರಿದ್ದಳು. ಚಾಮುವಿಗೆ ಒಂದು ನೀಲಿ ಫ್ರಾಕು ಹೊಲಿಯಲು ಶುರುಮಾಡಿದ್ದಳು. ಒಂದು ತೋಳು ಬಾಕಿ ಇತ್ತು.

ಚಾಮಯ್ಯ ಬಂದುಹೋದ ಮೂರನೆಯ ವಾರ. ಆ ಶುಕ್ರವಾರ ಧರ್ಮಾಸ್ಪತ್ರೆಯ ಕಿಟಕಿ ಮುಂದೆ ಕ್ಯೂ ಇತ್ತು, ಆದರೆ ಸರಿಯುತ್ತಿರಲಿಲ್ಲ. ಹೆಂಗಸರೆಲ್ಲ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಅಲ್ಲಿನ ಪದ್ಧತಿಯೇ ಅದು. ಯಾರೂ ಯಾರನ್ನೂ ನೋಡುವಂತಿಲ್ಲ.

ಚಾಮು ಮಾತ್ರ ನೋಡುತ್ತಿದ್ದಳು. ಹತ್ತು ವರ್ಷದವರಿಗೆ ಸೆರಗಿಲ್ಲವಲ್ಲ.

ಅವಳ ಮುಂದೆ ನಾಲ್ಕನೆಯವರ ಕೈಯಲ್ಲೂ ಒಂದು ಹೂಬುಟ್ಟಿ. ಮೇಲೆ ಬಾಳೆಲೆ, ಹಣ್ಣುಕಾಯಿ, ಊದುಬತ್ತಿ. ಅವರ ಪಕ್ಕದಲ್ಲಿ ಒಬ್ಬ ಹುಡುಗ. ಬಿಸಿಲು ಕಾಣದೆ ಬಿಳಿಚಿಕೊಂಡಿದ್ದ. ಅವನು ತಿರುಗಿ ನೋಡಿದ.

ಚೆಲುವರಾಜು!

ವಸಂತಮ್ಮನ ಮಗ. ಎರಡನೇ ಕ್ಲಾಸಿನಲ್ಲಿ ಚಾಮುವಿನ ಬೆಂಚಿನ ಪಕ್ಕದ ಬೆಂಚು. ಓಟದಲ್ಲಿ ಅವನೇ ಫಸ್ಟು. ಒಂದು ದಿನ ಇದ್ದಕ್ಕಿದ್ದಂತೆ ಸ್ಕೂಲಿಗೆ ಬರುವುದು ನಿಲ್ಲಿಸಿದ. ಊರಲ್ಲಿ ಅಜ್ಜಿ ಮನೆಗೆ ಕಳಿಸಿದ್ದೇವೆ ಎಂದು ವಸಂತಮ್ಮ ಬೀದಿಗೆಲ್ಲ ಹೇಳಿದ್ದರು. ಎರಡು ವರ್ಷವಾಯಿತು. ಅವರ ಮನೆ ಇವರ ಮನೆಯಿಂದ ಎಂಟು ಹೆಜ್ಜೆ.

ಚೆಲುವ ಕೈ ಎತ್ತಿದ. ವಸಂತಮ್ಮ ಅವನ ಕೈ ಹಿಡಿದು ಕೆಳಗೆ ಎಳೆದರು. ಎಳೆಯುವಾಗ ಹಿಂದೆ ತಿರುಗಿದರು. ಅಮ್ಮನ ಕಣ್ಣೂ ಅವರ ಕಣ್ಣೂ ಸೇರಿದವು.

ಎರಡು ಹೂಬುಟ್ಟಿಗಳು ಎದುರೆದುರು ನಿಂತವು.

"ಏನ್ ಮಾದೇವಮ್ಮ, ಇಷ್ಟು ದೂರ?" ವಸಂತಮ್ಮನ ದನಿ ಒಣಗಿತ್ತು.

"ಕೆಮ್ಮು ಕಣ್ರೀ. ಪ್ರೇಮಂಗೆ ಎರಡು ದಿವ್ಸದಿಂದ ಕೆಮ್ಮು. ನೀವು?"

"ಇವನು ಊರಿಂದ ನಿನ್ನೆ ಬಂದ. ಬಂದವನಿಗೆ ಜ್ವರ."

"ಹೌದೌದು. ಗಾಳಿ ಸರಿಯಿಲ್ಲ ಕಣ್ರೀ ಈಗ."

"ಗಾಳೀನೇ ಸರಿಯಿಲ್ಲ."

ಇಬ್ಬರೂ ಮತ್ತೆ ಗೋಡೆ ಕಡೆ ತಿರುಗಿದರು. ಪ್ರೇಮಕ್ಕ ಕೆಮ್ಮಲಿಲ್ಲ. ಚಾಮುವಿಗೆ ನಗು ಬರಬೇಕಿತ್ತು. ಬರಲಿಲ್ಲ.

ಅಷ್ಟರಲ್ಲಿ ಕಿಟಕಿ ತೆರೆಯಿತು. ಕಾಂಪೌಂಡರ್ ದೇವಸಹಾಯಂ ತಲೆ ಹೊರಹಾಕಿದರು. ಅವರು ವಯಸ್ಸಾದವರು. ಗಟ್ಟಿಯಾಗಿ ಮಾತಾಡಿದವರೇ ಅಲ್ಲ. ಸೀಸೆಗೆ ಮಿಕ್ಸ್ಚರು ತುಂಬಿ, ಕಾಗದದ ಪಟ್ಟಿಯನ್ನು ಕತ್ತರಿಯಿಂದ ಕಚ್ಚು ಕಚ್ಚಾಗಿ ಕತ್ತರಿಸಿ, ಅದಕ್ಕೆ ಅಂಟಿಸಿ, ಒಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ ಎಂದು ಮೆಲ್ಲಗೆ ಹೇಳಿ ಕೊಡುತ್ತಿದ್ದರು.

"ಎಲ್ಲಾರೂ ಕೇಳಿಸ್ಕೊಳ್ಳಿ," ಎಂದರು. "ಮೂರ್ಛೆ ಮಾತ್ರೆ ಇವತ್ತೇ ಕೊನೆ. ಗ್ರಾಂಟು ನಿಂತುಹೋಯ್ತು."

ದೇವಸಹಾಯಂ ಕತ್ತರಿಯನ್ನು ಕಟ್ಟೆಯ ಮೇಲಿಟ್ಟರು.

"ಈ ಮಾತ್ರೆಗೆ ದುಡ್ಡು ಕೊಡ್ತಿದ್ದದ್ದು ಸರ್ಕಾರ. ಎಷ್ಟು ಜನಕ್ಕೆ ಕೊಡ್ತೀರಿ, ಯಾರು ಅವ್ರು, ತೋರಿಸಿ ಅಂದ್ರು. ನಾನು ನಲವತ್ತೊಂದು ಹೆಸರಿರೋ ರಿಜಿಸ್ಟರು ಕೊಟ್ಟೆ. ಒಬ್ಬ ಗುಮಾಸ್ತರು ಸೈಕಲ್ ತುಳ್ಕೊಂಡು ಎಲ್ಲಾ ಅಡ್ರೆಸ್ಸಿಗೂ ಹೋದ್ರು. ಒಬ್ರೂ ಸಿಕ್ಕಲಿಲ್ಲ." ದೇವಸಹಾಯಂ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮಲ್ಲಿ ಕೆಲವ್ರು ಆ ಕಡೆಯಿಂದ ಬರೋದು ನೋಡಿದ್ದೆ, ಅಗ್ರಹಾರದ ಕಡೆ ವಿಚಾರ್ಸಿ ಅಂತ ನಾನೇ ಕೈಮುಗಿದು ಕಳಿಸ್ದೆ. ಅಲ್ಲೂ ಯಾರೂ ಇಲ್ವಂತೆ. ಇಲ್ಲದೋರ ಹೆಸರಲ್ಲಿ ಮಾತ್ರೆ ತರಿಸಿ ನಾನು ಹೊರಗಡೆ ಮಾರ್ಕೊಂಡೆ ಅಂತ ಈಗ ನನ್ನ ಮೇಲೆ ಕಾಗದ ಬಂದಿದೆ."

"ಅಯ್ಯೋ," ಎಂದಿತು ಒಂದು ಸೆರಗು.

"ಈಗ ಹೇಳಿ. ನಜರ್‌ಬಾದ್ ಲಕ್ಷ್ಮಮ್ಮ ಎಲ್ಲಿದಾರೆ? ನಿಮ್ಮಲ್ಲಿ ಒಬ್ರಾದ್ರೂ ಬಂದು, ನಾನು ಇದೀನಿ ಅಂತ ಆಫೀಸಲ್ಲಿ ಹೇಳ್ತೀರಾ? ನಾಲ್ಕು ಜನ ಬಂದ್ರೂ ಸಾಕು."

ಗೋಡೆಗೆ ಮುಖ ಮಾಡಿದ್ದ ಸೆರಗುಗಳು ಇನ್ನಷ್ಟು ಕೆಳಗೆ ಇಳಿದವು. ಮುಂದೆ ನಿಂತಿದ್ದ ಒಬ್ಬರು ತಮ್ಮ ಸೀಸೆಯನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡು ಹೊರಟೇಹೋದರು.

ಕ್ಯೂ ಸರಿಯಿತು. ಅಮ್ಮನ ಸರದಿ ಬಂತು. ಚಾಮು ಕಿಟಕಿಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಜಿಗಿದಳು.

"ಸಾರ್, ನಮ್ಮನೆಗೆ ಬಂದಿದ್ರು ಸಾರ್. ಸೈಕಲ್ಲಿನೋರು. ನಾನೇ ಇಲ್ಲ ಅಂದ್ಬುಟ್ಟೆ."

ಅಮ್ಮನ ಕೈ ಅವಳ ಬಾಯಿ ಮುಚ್ಚಿತು. ದೇವಸಹಾಯಂ ಒಂದು ಗಳಿಗೆ ಚಾಮುವನ್ನೇ ನೋಡಿದರು. ಬೈಯಬಹುದಿತ್ತು. ಬೈಯಲಿಲ್ಲ. ಅಮ್ಮನ ಕಡೆ ತಿರುಗಿ, "ನಿಮ್ಮ ಮನೆ ಎಲ್ಲಿ ತಾಯಿ?" ಎಂದು ಮಾತ್ರ ಕೇಳಿದರು.

ಅಮ್ಮನ ತುಟಿ ಅಲುಗಿತು. ಪ್ರೇಮಕ್ಕ ಅಮ್ಮನನ್ನು ನೋಡಿದಳು. ಚಾಮುವೂ ನೋಡಿದಳು. ಹೇಳಮ್ಮ, ಹೇಳಮ್ಮ ಎಂದು ಮನಸ್ಸಿನಲ್ಲೇ ಹಟ ಹಿಡಿದಳು.

"ನಜರ್‌ಬಾದ್ ಸಾಮಿ," ಎಂದರು ಅಮ್ಮ.

ದೇವಸಹಾಯಂ ಹದಿನಾಲ್ಕು ಮಾತ್ರೆ ಎಣಿಸಿ ಪೊಟ್ಟಣ ಕಟ್ಟಿದರು. ಕಾಗದದ ಪಟ್ಟಿ ಕತ್ತರಿಸುವಾಗ ಅವರ ಕೈ ಎಂದಿನಂತೆ ನಿಧಾನವಾಗಿತ್ತು. "ಮಾತ್ರೆ ಮುಗಿದ ಮೇಲೆ ಹುಷಾರು. ಬಿದ್ರೆ ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ತುರುಕಬೇಡಿ. ಕೈಗೆ ಬೀಗದಕೈ ಕೊಟ್ರೆ ಏನೂ ಪ್ರಯೋಜನ ಇಲ್ಲ. ಎಷ್ಟು ಸಲ ಹೇಳಿದೀನಿ," ಎಂದರು. ಆಮೇಲೆ ಕಿಟಕಿ ಮುಚ್ಚಿದರು.

ಮನೆಗೆ ಬಂದ ಮೇಲೆ ಅಮ್ಮ ಚಾಮುವಿನ ಬೆನ್ನಿಗೆ ಒಂದು ಗುದ್ದಿದರು. ಗುದ್ದಿ ತಾವೇ ಅತ್ತರು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದ್ದು ಇಷ್ಟೇ. "ದೊಡ್ಡಾಸ್ಪತ್ರೆ ಬೇಡ. ಡಿಪೋ ಜನ ಎಲ್ಲಾ ಅಲ್ಲೇ ಬಂದು ಸಾಯ್ತಾರೆ, ನೋಡ್ಬುಡ್ತಾರೆ. ಎಂಟು ತಿಂಗಳಿಂದ ಬಂದಿಲ್ವಲ್ಲ, ವಾಸಿಯಾಗಿದೆ ಅಂತ್ಲೇ ಲೆಕ್ಕ."

ಚಾಮುವಿಗೆ ಸಿಟ್ಟು ಬಂತು. ಅಪ್ಪನ ಮೇಲೆ, ಅಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚು ಆ ಅಚ್ಚುಬೆಲ್ಲದ ಮೇಲೆ. ತಿಂದದ್ದನ್ನು ಈಗ ಉಗಿಯಲೂ ಆಗುವುದಿಲ್ಲ.

ಸೋಮವಾರ ಸ್ಕೂಲು ಬಿಟ್ಟಾಗ ಸೋಡಾ ಅಂಗಡಿ ಮುಂದೆ ಆ ಸೈಕಲ್ಲು ಕಂಡಿತು. ಚಾಮಯ್ಯ ಗೋಲಿ ಸೋಡಾ ಕುಡಿಯುತ್ತಿದ್ದರು. ಚಾಮು ಸ್ಲೇಟು, ಪುಸ್ತಕ ಎದೆಗೆ ಅವುಚಿಕೊಂಡು ಓಡಿದಳು.

"ಸಾರ್! ನಮ್ಮನೇಲಿ ಇದಾರೆ ಸಾರ್!"

"ಯಾರಮ್ಮ?"

"ಮೂರ್ಛೆ ರೋಗದೋರು. ನಮ್ಮಕ್ಕ. ಪ್ರೇಮಲೀಲಾ ಅಂತ. ಅವತ್ತು ಸುಳ್ಳು ಹೇಳ್ಬುಟ್ಟೆ ಸಾರ್. ಬರ್ಕೊಳ್ಳಿ ಸಾರ್. ಕಾಂಪೌಂಡರ್ ಕಳ್ಳರಲ್ಲ ಸಾರ್."

ಚಾಮಯ್ಯ ಸೋಡಾ ಬಾಟಲಿ ಕೆಳಗಿಟ್ಟರು. ರಿಜಿಸ್ಟರು ಅವರ ಹತ್ತಿರ ಇರಲಿಲ್ಲ. ಜೇಬು ತಡಕಿ ಪೆನ್ಸಿಲ್ ತುಂಡು ತೆಗೆದರು. ಮತ್ತೆ ಒಳಗೆ ಹಾಕಿದರು.

"ಆ ಫೈಲು ಮೇಲಕ್ಕೆ ಹೋಗಿ ಸೈನ್ ಆಗ್ಬುಡ್ತಮ್ಮ. ಒಂದು ಹೆಸರಿಗೆ ಗ್ರಾಂಟು ಬರಲ್ಲ. ಅದೂ ನೀನು ಹೇಳಿದ್ರೆ ಆಗಲ್ಲ, ನಿಮ್ಮಪ್ಪ ಬಂದು ಹೇಳ್ಬೇಕು. ಹೇಳ್ತಾರಾ?"

ಚಾಮು ಸ್ಲೇಟಿನ ಚೌಕಟ್ಟನ್ನು ಉಗುರಿನಿಂದ ಕೆರೆದಳು.

"ನಾನೇನು ಮಾಡ್ಲಿ ಹೇಳು. ಎಲ್ಲಾರ ಬಾಗಿಲಿಗೂ ಹೋದೆ. ಬಿಸಿಲಲ್ಲಿ ನಾಲ್ಕು ದಿವ್ಸ ಸೈಕಲ್ ತುಳಿದೆ. ಇಲ್ಲ ಅಂದ್ರೆ ಇಲ್ಲ ಅಂತ್ಲೇ ಬರೀಬೇಕಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚಾಮುವಿಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು.

ಹದಿನಾಲ್ಕು ಮಾತ್ರೆಯನ್ನು ಅಮ್ಮ ಅರ್ಧರ್ಧ ಮಾಡಿ ಇಪ್ಪತ್ತೆಂಟು ದಿನ ಓಡಿಸಿದರು. ಮಿಕ್ಸ್ಚರಿನ ಸೀಸೆಯ ಕೊನೆಯ ಕಚ್ಚೂ ದಾಟಿತು. ಸೀಸೆಗೆ ಒಂದಿಷ್ಟು ನೀರು ಹಾಕಿ, ಕುಲುಕಿ, ಅದನ್ನೂ ಕುಡಿಸಿದರು.

ಮಾತ್ರೆ ಮುಗಿದ ಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಪ್ರೇಮಕ್ಕ ಬೀದಿ ನಲ್ಲಿಯಲ್ಲಿ ಕೊಡಕ್ಕೆ ನೀರು ಹಿಡಿಯುತ್ತಿದ್ದಳು. ಚಾಮು ಪಕ್ಕದಲ್ಲಿ ಚೊಂಬು ಹಿಡಿದು ನಿಂತಿದ್ದಳು. ಇದ್ದಕ್ಕಿದ್ದಂತೆ ಅಕ್ಕನ ಗಂಟಲಿನಿಂದ ಒಂದು ವಿಚಿತ್ರ ಕೂಗು ಬಂತು. ಕೊಡ ಉರುಳಿತು. ಅಕ್ಕ ಕಲ್ಲುಚಪ್ಪಡಿ ಮೇಲೆ ಬಿದ್ದಳು. ಕೈಕಾಲು ಸೆಟೆದು, ತಲೆ ಚಪ್ಪಡಿಗೆ ಬಡಿಯತೊಡಗಿತು.

ಬೀದಿಗೆ ಬೀದಿಯೇ ಓಡಿ ಬಂತು. ಅಮ್ಮ ಚೀರುತ್ತಾ ಬಂದರು. "ಬೀಗದಕೈ ತನ್ನಿ! ಕಬ್ಬಿಣ ತನ್ನಿ!" ಎಂದು ಹೆಂಗಸರು ಕೂಗಾಡಿದರು. ಯಾರೋ ಬಾಯಿಗೆ ಚಮಚ ಹಾಕಲು ಹೋದರು.

"ಬೇಡ! ಬಾಯಿಗೆ ಏನೂ ಹಾಕ್ಬೇಡಿ!" ಎನ್ನುತ್ತಾ ವಸಂತಮ್ಮ ಜನರನ್ನು ತಳ್ಳಿಕೊಂಡು ಬಂದರು. ಬಂದವರೇ ಕೂತು, ಪ್ರೇಮಕ್ಕನ ತಲೆಯನ್ನು ತಮ್ಮ ತೊಡೆ ಮೇಲೆ ಇಟ್ಟುಕೊಂಡು, ಅವಳನ್ನು ಮಗ್ಗುಲಿಗೆ ತಿರುಗಿಸಿದರು. ಸೆರಗಿನ ತುದಿಯಿಂದ ಬಾಯಿಯ ನೊರೆ ಒರೆಸಿದರು. ಅವರ ಕೈಗೆ ಗಾಬರಿಯಿರಲಿಲ್ಲ. ನೂರು ಸಲ ಮಾಡಿದ ಕೈ ಅದು.

ಸ್ವಲ್ಪ ಹೊತ್ತಿಗೆ ಸೆಟೆತ ನಿಂತಿತು. ಅಕ್ಕ ಭಾರವಾಗಿ ಉಸಿರಾಡುತ್ತಾ ಮಲಗಿದಳು. ಅವಳ ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು.

"ಏನಾಯ್ತು ಮಾದೇವಮ್ಮ?" ಎಂದು ಕೊಡ ಹಿಡಿದ ಹೆಂಗಸೊಬ್ಬಳು ಕೇಳಿದಳು.

"ಏನಿಲ್ಲ ಕಣವ್ವ. ಬಿಸಿಲು. ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ."

"ಬಿಸಿಲೇ," ಎಂದರು ವಸಂತಮ್ಮ. "ಈ ಬಿಸಿಲಿಗೆ ಎಂಥೋರಿಗೂ ತಲೆ ಸುತ್ತುತ್ತೆ."

ಗಂಟೆ ಏಳೂವರೆ. ನಲ್ಲಿಯ ಹತ್ತಿರ ಬಿಸಿಲು ಇನ್ನೂ ಬಂದೇ ಇರಲಿಲ್ಲ.

"ಬಿಸಿಲಲ್ಲ," ಎಂದಳು ಚಾಮು. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು. "ಅಕ್ಕನಿಗೆ ಮೂರ್ಛೆ ರೋಗ. ಮಾತ್ರೆ ತಗೋತಿದ್ಲು, ಚೆನ್ನಾಗಿದ್ಲು. ನಾವೆಲ್ಲಾ ಇಲ್ಲ ಅಂದ್ವಲ್ಲ, ಅದಕ್ಕೆ ಮಾತ್ರೆ ನಿಂತೋಯ್ತು."

ಅಮ್ಮನ ಬೆರಳುಗಳು ಅವಳ ಭುಜಕ್ಕೆ ನಾಟಿದವು. ಕೊಡ ಹಿಡಿದ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದು, ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ಸರಿದರು. ಕಲ್ಲುಚಪ್ಪಡಿ ಸುತ್ತ ಜಾಗ ದೊಡ್ಡದಾಯಿತು.

"ನಾವೆಲ್ಲಾ ಅಂದ್ರೆ? ಇನ್ಯಾರು?" ಎಂದಿತು ಹಿಂದಿನಿಂದ ಒಂದು ದನಿ.

ಚಾಮು ವಸಂತಮ್ಮನ ಕಡೆ ನೋಡಿದಳು. ವಸಂತಮ್ಮನೂ ಅವಳನ್ನೇ ನೋಡುತ್ತಿದ್ದರು. ಅಕ್ಕನ ತಲೆ ಇನ್ನೂ ಅವರ ತೊಡೆ ಮೇಲಿತ್ತು. ಬೀದಿಗೆಲ್ಲ ಕೇಳುವಂತೆ ಕೂಗುವ ವಸಂತಮ್ಮನ ತುಟಿ ಅಳುವ ಮಗುವಿನ ತುಟಿಯಂತೆ ಅದುರುತ್ತಿತ್ತು. ಬೇಡಮ್ಮ ಎಂದು ಆ ಕಣ್ಣುಗಳು ಬೇಡುತ್ತಿದ್ದವು.

ಹೆಸರು ಚಾಮುವಿನ ನಾಲಗೆ ತುದಿಗೆ ಬಂದಿತ್ತು. ಅದನ್ನು ಅವಳು ನುಂಗಿದಳು.

"ನಾನು," ಎಂದಳು. "ನಾನು ಇಲ್ಲ ಅಂದಿದ್ದೆ."

ವಸಂತಮ್ಮ ಅಕ್ಕನ ತಲೆಯನ್ನು ಮೆಲ್ಲಗೆ ಅಮ್ಮನ ಮಡಿಲಿಗೆ ಜಾರಿಸಿ ಎದ್ದರು. ನೊರೆ, ರಕ್ತ ಅಂಟಿದ ಸೆರಗನ್ನು ಮುದುರಿ ಹಿಡಿದು, ಯಾರ ಮುಖವನ್ನೂ ನೋಡದೆ ತಮ್ಮ ಮನೆಗೆ ನಡೆದರು. ಬಾಗಿಲು ಮುಚ್ಚಿತು. ಒಳಗಿನಿಂದ ಅಗುಳಿ ಬಿದ್ದ ಸದ್ದು ನಲ್ಲಿಯವರೆಗೂ ಕೇಳಿಸಿತು.

ಚಾಮು ಅಕ್ಕನ ಕೈ ಹಿಡಿದುಕೊಂಡು ಆ ಬಾಗಿಲನ್ನೇ ನೋಡುತ್ತಾ ಕೂತಳು. ಅದರ ಹಿಂದೆ, ಗೋಡೆಗೆ ಒರಗಿ, ಚೆಲುವ ಉಸಿರು ಬಿಗಿಹಿಡಿದು ಕೂತಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಓಣಿಯ ಉದ್ದಕ್ಕೂ ಬೇರೆ ಬಾಗಿಲುಗಳೂ ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಅವುಗಳಲ್ಲಿ ಯಾವ ಯಾವ ಬಾಗಿಲ ಹಿಂದೆ ಯಾರು ಯಾರು ಕೂತಿದ್ದಾರೋ, ಅದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ.